ಕೋಟೆಯೊಳಗೊಂದು ಗಟ್ಟಿಮೇಳ, ಮತ್ತೆ ಸ್ವಲ್ಪ ಉಪ್ಪಿನಕಾಯಿ

ಇಲ್ಲಿ ಏನಾದರೂ ಬರೆದು ನಾಲ್ಕು ತಿಂಗಳಾಯ್ತು. ಪ್ರಾಜೆಕ್ಟು, ಆನ್‌ಸೈಟು, ರಿಲೀಸು ಅಂತ ನೆಪ ಹೇಳಬಹುದು, ಆದರೆ ನಿಮ್ಮಲ್ಲಿ ಅರ್ಧ ಜನ ಇದೇ ಗಾಣದ ಎತ್ತುಗಳು, ನಂಬೋದಿಲ್ಲ :-) ಈ ಸಲದ ಸುದ್ದಿ ಮಾತ್ರ ಬರೆಯಲೇಬೇಕು ಅನ್ನಿಸಿತು. ಜೂನ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಒಂದು ಹಳೇ ಕೋಟೆಯಲ್ಲಿ ಮದುವೆಗೆ ಹೋಗಿದ್ದೆ. ದೊರೆಗಳ ಮದುವೆ ಅಲ್ಲ, ನಮ್ಮೋರದೇ. ಕಾಶಿಯಾತ್ರೆ, ಧಾರೆ, ಸಪ್ತಪದಿ ಎಲ್ಲ ಇದ್ದ ಅಪ್ಪಟ ನಮ್ಮ ಕಡೆ ಮದುವೆ.

ಮಾರನೇ ದಿನ ಅವ್ವನಿಗೆ ವಿಡಿಯೋ ಕಾಲ್ ಮಾಡಿ ಫೋಟೋ ತೋರಿಸಿದೆ.

"ಇದೇನ್ಲಾ, ಅರಮನೆನಾ?"

"ಕೋಟೆ ಕಣವ್ವ. ನಮ್ಮ ಅರಮನೆ ಮುಂದೆ ತೀರಾ ಚಿಕ್ಕದು."

"ಎಷ್ಟ್ ಜನ ಬಂದಿದ್ರು?"

"ಐವತ್ನಾಕು."

ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ದನಿ ತಗ್ಗಿಸಿ, "ಪಾಪ, ಯಾಕ್ಲಾ ಮಗ? ಏನಾರ ಜಗಳ ಆಗಿತ್ತಾ?" ಅಂದಳು.

ಅವ್ವನ ತಪ್ಪಿಲ್ಲ. ನಮ್ಮದು ಮೈಸೂರಿನ ಅಶೋಕಪುರಂ. ಅಪ್ಪ ಅಲ್ಲೇ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ನಮ್ಮ ಬೀದಿಯಲ್ಲಿ ಮದುವೆ ಅಂದರೆ ಹಿಂದಿನ ದಿನವೇ ರಸ್ತೆಗೆ ಅಡ್ಡಲಾಗಿ ಚಪ್ಪರ ಬೀಳುತ್ತೆ. ಆಟೋದವರು ತಾವಾಗೇ ಪಕ್ಕದ ಕ್ರಾಸ್ ಹಿಡೀತಾರೆ. ಲಗ್ನಪತ್ರಿಕೆ ತಲುಪದ ಮನೆಯವರು ಬಂದು, "ಪತ್ರಿಕೆ ಕೊಡ್ನಿಲ್ಲ, ಆದ್ರೂ ಬಂದಿವ್ನಿ ನೋಡು" ಅಂತ ಬೈದು, ಉಂಡು, ಮುಯ್ಯಿ ಬರೆಸಿ ಹೋಗ್ತಾರೆ. ಮುಯ್ಯಿ ಪುಸ್ತಕ ನಮ್ಮ ಮನೆಯ ಟ್ರಂಕಿನಲ್ಲಿ ಇನ್ನೂ ಇದೆ. ಅಪ್ಪ ಅವ್ವನ ಮದುವೇಲಿ ಯಾರು ಹನ್ನೊಂದು ರೂಪಾಯಿ ಕೊಟ್ಟರು, ಯಾರು ಸ್ಟೀಲ್ ತಟ್ಟೆ ಕೊಟ್ಟರು, ಎಲ್ಲ ಅದರಲ್ಲಿದೆ. ಅವರ ಮನೆ ಮದುವೆಗೆ ತಿರುಗಿ ಹಾಕಬೇಕಲ್ಲ! ಅಂಥವಳಿಗೆ ಐವತ್ತನಾಲ್ಕು ಜನರ ಮದುವೆ ಅಂದರೆ ಜಗಳವಲ್ಲದೆ ಇನ್ನೇನು?

ಮದುಮಗ ನನ್ನ ಇಂಜಿನಿಯರಿಂಗ್ ಕಾಲದ ರೂಮ್‌ಮೇಟು. ಅವನ ಮನೆಯವರೂ ಇದನ್ನ ಓದಬಹುದು, ಅದಕ್ಕೆ ಅವನ ಹೆಸರೂ ಬೇಡ, ಕೋಟೆಯ ಹೆಸರೂ ಬೇಡ. ಎಡಿನ್‌ಬರೋದಿಂದ ಬಸ್ಸಿನಲ್ಲಿ ಒಂದೂಕಾಲು ಗಂಟೆ ದೂರ ಅಂದರೆ ಸಾಕು. ಅವನೂ ಹುಡುಗಿಯೂ ಇಬ್ಬರೂ ಅಲ್ಲೇ ಕೆಲಸದಲ್ಲಿದ್ದಾರೆ. ರಜೆ ಸಿಗಲ್ಲ, ಊರಲ್ಲಿ ಮಾಡಿದರೆ ಎರಡು ಸಾವಿರ ಜನ, ಇಲ್ಲೇ ಚಿಕ್ಕದಾಗಿ ಮಾಡ್ಕೋತೀವಿ ಅಂತ ಮನೆಯವರನ್ನ ಒಪ್ಪಿಸಿದ್ದ. ಆ 'ಚಿಕ್ಕದರ' ಬಾಡಿಗೆ ಎಷ್ಟು ಅಂತ ಕೇಳಿದ ಮೇಲೆ ನನಗೆ ಅಪ್ಪನ ರಿಟೈರ್‌ಮೆಂಟಿನ ದುಡ್ಡು ನೆನಪಾಯ್ತು. ಇರ್ಲಿ ಬಿಡಿ.

ಯೂರೋಪಿನ ಕೋಟೆ, ಬಂಗಲೆಗಳಲ್ಲಿ ನಮ್ಮವರ ಮದುವೆ ಹೊಸದೇನಲ್ಲ. ಉಕ್ಕಿನ ದೊರೆ ಲಕ್ಷ್ಮೀ ಮಿತ್ತಲ್ 2004ರಲ್ಲಿ ಮಗಳ ಮದುವೆ ಮಾಡಿದ್ದು ಫ್ರಾನ್ಸಿನ ವೋ-ಲ-ವಿಕಾಂತ್ ಅನ್ನೋ ಅರಮನೆಯಲ್ಲಿ. ನಮ್ಮ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2018ರ ನವೆಂಬರ್ 14ರಂದು ಕೊಂಕಣಿ ಸಂಪ್ರದಾಯದಂತೆ ಮದುವೆಯಾಗಿದ್ದು ಇಟಲಿಯ ಕೋಮೋ ಸರೋವರದ ದಡದ ವಿಲ್ಲಾ ದೆಲ್ ಬಾಲ್ಬಿಯಾನೆಲ್ಲೋದಲ್ಲಿ. ಅದು ಮೊದಲು ಸನ್ಯಾಸಿಗಳ ಮಠವಾಗಿದ್ದ ಜಾಗ. ಕೊನೆಯ ಮಾಲೀಕ ಗೈಡೋ ಮೊಂಜಿನೊ, 1973ರಲ್ಲಿ ಇಟಲಿಯವರ ಮೊದಲ ಎವರೆಸ್ಟ್ ಯಾತ್ರೆ ನಡೆಸಿದವನು, 1988ರಲ್ಲಿ ತೀರಿಕೊಂಡಾಗ ಅದನ್ನು ಒಂದು ಟ್ರಸ್ಟಿಗೆ ಬರೆದುಕೊಟ್ಟ.

ವೋ-ಲ-ವಿಕಾಂತ್ ಕಥೆ ಇನ್ನೂ ಮಜವಾಗಿದೆ. ಅದನ್ನು ಕಟ್ಟಿಸಿದವನು ಹದಿನಾಲ್ಕನೇ ಲೂಯಿಯ ಹಣಕಾಸಿನ ಮಂತ್ರಿ ನಿಕೋಲಾ ಫೂಕೆ. 1661ರ ಆಗಸ್ಟ್ 17ರಂದು ರಾಜನನ್ನ ಕರೆದು ಅಲ್ಲಿ ಭಾರೀ ಔತಣ ಕೊಟ್ಟ. ಊಟ, ನಾಟಕ, ಬಾಣಬಿರುಸು. ನನ್ನ ಮಂತ್ರಿಯ ಮನೆ ನನ್ನದಕ್ಕಿಂತ ಚೆನ್ನಾಗಿದೆಯಲ್ಲ ಅಂತ ರಾಜನ ಹೊಟ್ಟೆ ಉರಿಯಿತು. ಮೂರು ವಾರ ಕಳೆಯೋದರೊಳಗೆ ಫೂಕೆ ಜೈಲು ಸೇರಿದ, ಸಾಯೋವರೆಗೂ ಹೊರಗೆ ಬರಲಿಲ್ಲ. ಔತಣಕ್ಕೆ ಯಾರನ್ನ ಕರೀತೀವಿ, ಎಲ್ಲಿ ಕೂರಿಸ್ತೀವಿ ಅನ್ನೋದು ಎಲ್ಲ ಊರಲ್ಲೂ ಸೂಕ್ಷ್ಮದ ವಿಷಯವೇ.

ಈಗ ಮದುವೆಗೆ ಬರೋಣ.

ಮೊದಲು ಮುಹೂರ್ತದ ರಗಳೆ. ಜೂನಿನಲ್ಲಿ ಅಲ್ಲಿ ಬೆಳಗಿನ ನಾಲ್ಕೂವರೆಗೆ ಸೂರ್ಯ ಹುಟ್ಟಿದರೆ ರಾತ್ರಿ ಹತ್ತರವರೆಗೂ ಮುಳುಗೋದಿಲ್ಲ. ರಾಹುಕಾಲ ಅಂದರೆ ಹಗಲನ್ನು ಎಂಟು ಪಾಲು ಮಾಡಿದಾಗ ಬರುವ ಒಂದು ಪಾಲು. ನಮ್ಮಲ್ಲಿ ಅದು ಒಂದೂವರೆ ಗಂಟೆಯಾದರೆ ಅಲ್ಲಿ ಎರಡು ಗಂಟೆ ಹತ್ತು ನಿಮಿಷ! ಪುರೋಹಿತರು ಇದನ್ನ ವಿವರಿಸಿದಾಗ ನನ್ನೊಳಗಿನ ಪ್ರೋಗ್ರಾಮರ್ ಖುಷಿಯಾದ, ಹುಡುಗಿಯ ಅಮ್ಮ ಮಾತ್ರ ಗಾಬರಿಯಾದರು.

ಕಾಶಿಯಾತ್ರೆಗೆ ಮದುಮಗ ಕೊಡೆ ಹಿಡಿದು ಕೋಟೆ ಬಾಗಿಲಿನಿಂದ ಹೊರಟ. ಜೀವನದಲ್ಲಿ ಮೊದಲ ಸಲ ಕಾಶಿಯಾತ್ರೆಯ ಕೊಡೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ನೋಡಿದೆ, ಅಂಥಾ ಮಳೆ. ಪಂಚೆಯೊಳಗೆ ಥರ್ಮಲ್ ಹಾಕಿದ್ದ. ರೇಷ್ಮೆ ಸೀರೆಗಳ ಮೇಲೆಲ್ಲ ಜರ್ಕಿನ್ನು. ಅವನ ಆಫೀಸಿನ ಸ್ಕಾಟ್ ಗೆಳೆಯರು ಕಿಲ್ಟ್ ಉಟ್ಟು ಬಂದಿದ್ದರು. ಅವನ ಅತ್ತೆಯೊಬ್ಬರು ನನ್ನ ಕಿವಿಯಲ್ಲಿ, "ಇವ್ರೂ ಪಂಚೆ ಉಡ್ತಾರಾ?" ಅಂದರು. "ಹೂಂ ಆಂಟಿ, ಆದ್ರೆ ಜೇಬಿದೆ" ಅಂದೆ.

ಹೋಮ ಒಳಗೆ ಮಾಡುವ ಹಾಗಿಲ್ಲ, ನೂರಾರು ವರ್ಷದ ಮರದ ಚಾವಣಿ. ಅಂಗಳದಲ್ಲಿ ಡೇರೆ ಹಾಕಿ, ಪುಟ್ಟ ಹೋಮಕುಂಡ ಇಟ್ಟು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದ ಮನುಷ್ಯನನ್ನ ನಿಲ್ಲಿಸಿದ್ದರು. ಅಗ್ನಿಸಾಕ್ಷಿಗೆ ಅಗ್ನಿಶಾಮಕ ಸಾಕ್ಷಿ! ಸುಮ್ಮನಿರಲಾರದೆ ನಾನು ಅವನಿಗೆ ನಮ್ಮೂರ ಕಥೆ ಹೇಳಿದೆ. ಮೈಸೂರಿನ ಹಳೇ ಮರದ ಅರಮನೆ ಸುಟ್ಟುಹೋಗಿದ್ದು 1897ರಲ್ಲಿ, ಅದೂ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದಲ್ಲಿ ಅಂತ. ಅವನು "ಹೌದಾ" ಅಂದು ಸಿಲಿಂಡರ್ ಎತ್ತಿ ಹೋಮಕುಂಡಕ್ಕೆ ಇನ್ನೂ ಎರಡು ಹೆಜ್ಜೆ ಹತ್ತಿರ ಬಂದು ನಿಂತ :-)

ಅವನಿಗೆ ಹೇಳಿದ ಇನ್ನೊಂದು ವಿಷಯ ಕೇಳಿ ಅವನು ನಿಜಕ್ಕೂ ಬೆರಗಾದ. ಸುಟ್ಟ ಅರಮನೆಯ ಜಾಗದಲ್ಲಿ ಹೆನ್ರಿ ಇರ್ವಿನ್ ಈಗಿನ ಅರಮನೆ ಕಟ್ಟಿದ, 1912ಕ್ಕೆ ಮುಗಿಯಿತು. ಅದರಲ್ಲಿ ಮದುವೆಗಂತಲೇ ಕಲ್ಯಾಣ ಮಂಟಪ ಇದೆ, ಎಂಟು ಮೂಲೆಯದ್ದು. ಅದರ ಎರಕದ ಕಬ್ಬಿಣದ ಕಂಬಗಳೂ, ನವಿಲಿನ ಚಿತ್ತಾರದ ಬಣ್ಣದ ಗಾಜಿನ ಚಾವಣಿಯೂ ತಯಾರಾಗಿ ಬಂದಿದ್ದು ಇದೇ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. 2016ರ ಜೂನ್ 27ರಂದು ಯದುವೀರ ಒಡೆಯರ್ ಮದುವೆಯಾಗಿದ್ದು ಆ ಕಂಬಗಳ ನಡುವೆಯೇ. ಅವನು ಗ್ಲಾಸ್ಗೋದವನಂತೆ. "ನಮ್ಮ ಕಂಬ ನಿಮ್ಮೂರಲ್ಲಿ, ನಿಮ್ಮ ಮದುವೆ ನಮ್ಮೂರಲ್ಲಿ" ಅಂತ ನಕ್ಕ. ಚಿಕ್ಕವನಿದ್ದಾಗ ಭಾನುವಾರ ಸಂಜೆ ಅಪ್ಪನ ಸೈಕಲ್ಲಿನಲ್ಲಿ ಕೂತು ಅರಮನೆಯ ದೀಪ ನೋಡೋಕೆ ಹೋಗ್ತಿದ್ದೆ. ಸುಮಾರು ಒಂದು ಲಕ್ಷ ಬಲ್ಬು. ಹೊರಗಡೆ ನಿಂತು ನೋಡಿ, ಕಡಲೇಕಾಯಿ ತಿಂದು ವಾಪಸ್. ಅರಮನೆ ಅಂದರೆ ಹೊರಗಿನಿಂದ ನೋಡೋದು ಅಂತಲೇ ಅಂದ್ಕೊಂಡಿದ್ದೆ.

ಇನ್ನು ಗಟ್ಟಿಮೇಳ. ವಾದ್ಯದವರನ್ನ ಅಷ್ಟು ದೂರ ಕರೆಸೋಕೆ ಆಗದೆ, ನಾದಸ್ವರ ನನ್ನ ಫೋನಿನಿಂದ ಸ್ಪೀಕರಿಗೆ ಬರೋದು ಅಂತ ತೀರ್ಮಾನವಾಗಿತ್ತು. ಸಾಫ್ಟ್‌ವೇರ್ ಇಂಜಿನಿಯರ್ ಅಲ್ವಾ, ಧ್ವನಿ ವಿಭಾಗ ನನ್ನದು. ಪುರೋಹಿತರು ಬೆರಳೆತ್ತಿ "ಗಟ್ಟಿಮೇಳ! ಗಟ್ಟಿಮೇಳ!" ಅಂದರು. ನಾನು ಒತ್ತಿದೆ. ಸ್ಪೀಕರಿನಿಂದ ಒಬ್ಬ ಹೆಣ್ಣುಮಗಳು ಬಹಳ ಪ್ರೀತಿಯಿಂದ, ಜಾಹೀರಾತು ಬೇಡವಾದರೆ ತಿಂಗಳಿಗೆ ಇಷ್ಟು ಕೊಡಿ ಅಂತ ಇಂಗ್ಲಿಷಿನಲ್ಲಿ ಶುರು ಮಾಡಿದಳು. ದುಡ್ಡು ಉಳಿಸೋಕೆ ಹೋಗಿ ನಾನು ಮಾಡಿದ ಘನಕಾರ್ಯ! ತಾಳಿ ಹಿಡಿದ ಕೈ ಹಾಗೇ ನಿಂತಿತು. ಮದುಮಗನ ಅಪ್ಪ ಬಾಗಿಲಲ್ಲಿ ನಿಂತಿದ್ದ ಬ್ಯಾಗ್‌ಪೈಪಿನವನ ಕಡೆ ತಿರುಗಿ ಜೋರಾಗಿ ಕೈ ಬೀಸಿದರು. ಅವನಿಗೆ ಏನರ್ಥವಾಯ್ತೋ, ಕೆನ್ನೆ ಉಬ್ಬಿಸಿ ಊದಿದ ನೋಡಿ... ಕಲ್ಲಿನ ಗೋಡೆಗಳೆಲ್ಲ ಗುಂಯ್ ಅಂದವು. ಆ ಮೇಳದಲ್ಲೇ ತಾಳಿ ಬಿತ್ತು, ಅಕ್ಷತೆ ಬಿತ್ತು. ನಾದಸ್ವರಕ್ಕೂ ಬ್ಯಾಗ್‌ಪೈಪಿಗೂ ಶ್ರುತಿ ಹಿಡಿಯುವ ಗುಣ ಒಂದೇ, ಸೋದರ ಸಂಬಂಧ ಇರಬೇಕು ಅಂತ ಆಮೇಲೆ ಪುರೋಹಿತರೇ ನನ್ನನ್ನ ಸಮಾಧಾನ ಮಾಡಿದರು.

ತಾಳಿ ಆದ ಮೇಲೆ ಒಂದು ಕಾಗದದ ಕೆಲಸ ಇರುತ್ತೆ. ಸ್ಕಾಟ್ಲೆಂಡಿನಲ್ಲಿ ಮದುವೆಯಾಗೋರು ಕನಿಷ್ಠ 29 ದಿನ ಮುಂಚೆ ರಿಜಿಸ್ಟ್ರಾರ್‌ಗೆ ತಿಳಿಸಬೇಕು. ಅವರು ಕೊಡುವ ಪತ್ರಕ್ಕೆ ಮದುವೆಯಾದ ತಕ್ಷಣ ಗಂಡು, ಹೆಣ್ಣು, ಮದುವೆ ಮಾಡಿಸಿದವರು, ಇಬ್ಬರು ಸಾಕ್ಷಿಗಳು ಸಹಿ ಹಾಕಿ ಮೂರು ದಿನದೊಳಗೆ ವಾಪಸ್ ತಲುಪಿಸಬೇಕು. ಸಾಕ್ಷಿಗೆ 16 ವರ್ಷ ತುಂಬಿದ್ದರೆ ಸಾಕು. ಹುಡುಗಿ ಕಡೆಯಿಂದ ಅವಳ ತಂಗಿ. ಹುಡುಗನ ಕಡೆಯಿಂದ ನಾನು. ನನ್ನ ಗೆಳೆಯ ವಾರದ ಹಿಂದೆ ಫೋನ್ ಮಾಡಿ, "ಸಾಕ್ಷಿ ನೀನೇ ಹಾಕಬೇಕು" ಅಂದಿದ್ದ. ಯಾಕೆ ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅದನ್ನ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ನಾವು ಮೂರನೇ ವರ್ಷದಲ್ಲಿದ್ದಾಗ ಅವನ ಅಕ್ಕನ ಮದುವೆ, ಹಾಸನದ ಕಡೆ ಒಂದು ಛತ್ರದಲ್ಲಿ. ನಾನು ಹಿಂದಿನ ದಿನವೇ ಹೋಗಿ ಕುರ್ಚಿ ಜೋಡಿಸಿ, ಹೂವು ಕಟ್ಟಿಸಿ, ಮನೆಯವನ ಹಾಗೆ ಓಡಾಡಿದೆ. ಅವನ ದೊಡ್ಡಪ್ಪ ನನ್ನನ್ನ ಮೆಚ್ಚಿ ಮಾತಿಗೆ ಕೂರಿಸಿಕೊಂಡರು. "ಮೈಸೂರಾ? ಒಳ್ಳೇದು. ಮೈಸೂರಲ್ಲಿ ಎಲ್ಲಿ?" "ಅಶೋಕಪುರಂ ಅಂಕಲ್." "ಓಹೋ."

ಮೈಸೂರಿನವರಿಗೆ ಆ 'ಓಹೋ' ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗೆ ಹೇಳ್ತೀನಿ. ಅಶೋಕಪುರಂ ಅಂದರೆ ದಲಿತರ ಬಡಾವಣೆ. ನಮ್ಮಲ್ಲಿ ಅಂಬೇಡ್ಕರ್ ಪಾರ್ಕ್ ಇದೆ, ಗರಡಿ ಇದೆ, ಡಾಕ್ಟರು, ವಕೀಲರು, ಐಟಿ ಹುಡುಗರು ಎಲ್ಲ ಇದ್ದಾರೆ. ಆದರೂ ಊರಿನ ಹೆಸರು ಹೇಳಿದರೆ ಸಾಕು, ಮುಂದಿನ ಪ್ರಶ್ನೆ ಕೇಳೋ ಅಗತ್ಯ ಯಾರಿಗೂ ಬರಲ್ಲ.

ಊಟದ ಹೊತ್ತಿಗೆ ಒಬ್ಬ ಹುಡುಗ ಬಂದು, "ನಿಮಗೆ ಮೇಲ್ಗಡೆ ರೂಮಲ್ಲಿ ಬಡಿಸ್ತಾರಂತೆ, ಅಲ್ಲಿ ಫ್ಯಾನಿದೆ" ಅಂದ. ಹೋದೆ. ಎಲೆ ಹಾಕಿತ್ತು. ಹೋಳಿಗೆ, ಪಾಯಸ, ಯಾವುದಕ್ಕೂ ಕಮ್ಮಿ ಇರಲಿಲ್ಲ. ಫ್ಯಾನೂ ಇತ್ತು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ, ಅದಕ್ಕೇ ಏನು ಹೇಳಬೇಕು ಅಂತಲೂ ಗೊತ್ತಾಗಲಿಲ್ಲ. ಕೆಳಗೆ ಪಂಕ್ತಿಯ ಗಲಾಟೆ ಕೇಳಿಸ್ತಿತ್ತು. ನನ್ನನ್ನ ಹುಡುಕಿಕೊಂಡು ಬಂದ ಗೆಳೆಯ ಬಾಗಿಲಲ್ಲಿ ನಿಂತು ನೋಡಿದ. ಕೆಳಗೆ ಹೋಗಿ ತನ್ನ ಎಲೆ ತಂದು ನನ್ನ ಪಕ್ಕ ಕೂತು ಉಂಡ. ಅದರ ಬಗ್ಗೆ ಇವತ್ತಿನವರೆಗೂ ನಾವಿಬ್ಬರೂ ಮಾತಾಡಿಲ್ಲ. ಅವ್ವನಿಗೂ ನಾನು ಹೇಳಿಲ್ಲ.

ಈಗ ಕೋಟೆಯ ಊಟದ ಹಾಲ್. ದುಂಡು ಮೇಜುಗಳು, ಪ್ರತಿ ಕುರ್ಚಿಯ ಮುಂದೆ ಹೆಸರು ಬರೆದ ಪುಟ್ಟ ಕಾರ್ಡು. ನನ್ನದು ಮೂರನೇ ಮೇಜು. ನನ್ನ ಹೆಸರನ್ನ ಅಷ್ಟು ಚೆಂದದ ಅಕ್ಷರದಲ್ಲಿ ಅದಕ್ಕೆ ಮುಂಚೆ ಯಾರೂ ಬರೆದಿರಲಿಲ್ಲ. ಪಕ್ಕದ ಕಾರ್ಡು ನೋಡಿದೆ. ದೊಡ್ಡಪ್ಪನದು!

ಎಲ್ಲಿ ಯಾರು ಅಂತ ಪಟ್ಟಿ ಮಾಡಿದವಳು ಅಲ್ಲಿಯ ಹುಡುಗಿ. ಅವಳಿಗೆ ಕೇರಿ ಗೊತ್ತಿಲ್ಲ, ಪಂಕ್ತಿ ಗೊತ್ತಿಲ್ಲ. ಎಕ್ಸೆಲ್ ಶೀಟಿನಲ್ಲಿ ಹೆಸರು ತುಂಬಿದ್ದಾಳೆ ಅಷ್ಟೆ. ಆಮೇಲೆ ಗೆಳೆಯನನ್ನ ಕೇಳಿದ್ದಕ್ಕೆ, "ನಂಗೇನ್ ಗೊತ್ತು ಮಗಾ, ಶೀಟ್ ಮಾಡಿದ್ದು ಅವಳು" ಅಂದ. ನಗ್ತಿದ್ದ.

ದೊಡ್ಡಪ್ಪ ಬಂದು ಕೂತರು. ವಯಸ್ಸಾಗಿದೆ, ಕೈ ಸ್ವಲ್ಪ ನಡುಗುತ್ತೆ. ನನ್ನ ಮುಖ ನೋಡಿ, "ನೀನು ಹುಡುಗಿ ಮದುವೆಗೆ ಬಂದಿದ್ದೆ ಅಲ್ವೇನಪ್ಪ? ಮೈಸೂರು..."

"ಹೌದು. ಮೈಸೂರು. ಅಶೋಕಪುರಂ" ಅಂದೆ. ಈ ಸಲ ಅವರು ಕೇಳೋವರೆಗೂ ಕಾಯಲಿಲ್ಲ. ಎದೆ ಹೊಡ್ಕೋತಿತ್ತು, ಸುಳ್ಳು ಯಾಕೆ ಹೇಳಲಿ.

ಅವರು ಕಿಟಕಿಯ ಮಳೆ ನೋಡಿದರು. ಬಿಸಿಬೇಳೆಬಾತು ಬಂತು. ಒಂದು ತುತ್ತು ತಿಂದು ಮುಖ ಕಿವುಚಿದರು. ಕೋಟಿನ ಜೇಬಿಗೆ ಕೈ ಹಾಕಿ, ಪ್ಲಾಸ್ಟಿಕ್ ಕವರ್ ಸುತ್ತಿದ ಒಂದು ಪುಟ್ಟ ಬಾಟಲಿ ತೆಗೆದರು. ಊರಿನಿಂದ ತಂದ ಮಿಡಿ ಉಪ್ಪಿನಕಾಯಿ! ತಮಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಬಾಟಲಿ ಕೈಯಲ್ಲೇ ಇತ್ತು. ಆಮೇಲೆ ನನ್ನ ಕಡೆ ಸರಿಸಿ, "ಹಾಕ್ಕೋ. ಇವ್ರ ಅಡುಗೇಲಿ ಖಾರಾನೇ ಇಲ್ಲ" ಅಂದರು. ನಾನು ನನ್ನ ಚಮಚ ಬಾಟಲಿಯೊಳಗೆ ಹಾಕಿ ತೆಗೆದುಕೊಂಡೆ. ಅವರು ನೋಡಿದರು. ಮೊಸರನ್ನ ಬಂದಾಗ ಅದೇ ಬಾಟಲಿಯಿಂದ ಮತ್ತೆ ತಮಗೆ ಹಾಕಿಕೊಂಡರು.

ಇಷ್ಟೇ ನಡೆದಿದ್ದು. ಆ ಸಂಜೆ ಪೂರ್ತಿ ನಾನು ತೇಲ್ತಾ ಇದ್ದೆ.

ರಾತ್ರಿ ಬಸ್ಸಿನಲ್ಲಿ ಕೂತಾಗ ಅನುಮಾನ ಶುರುವಾಯ್ತು. ದೊಡ್ಡಪ್ಪ ಬದಲಾದರಾ? ಇಲ್ಲ, ಎದ್ದು ಹೋಗೋಕೆ ಅಲ್ಲಿ ಬೇರೆ ಮೇಜು ಇರಲಿಲ್ಲ ಅಷ್ಟೇನಾ? ನಮ್ಮ ಅಜ್ಜಿಯ ತವರು ನಂಜನಗೂಡು ತಾಲೂಕಿನ ಒಂದು ಹಳ್ಳಿ. ಗೌಡರ ಮನೆ ಮದುವೆಗೆ ನಮ್ಮವರು ಸೌದೆ ಹೊತ್ತು, ತಮಟೆ ಬಾರಿಸಿ, ಎಲ್ಲರ ಊಟ ಆದ ಮೇಲೆ ಹಿತ್ತಲ ಬಣವೆ ಪಕ್ಕ ಮನೆಯಿಂದ ತಂದ ಎಲೆ ಹಾಸಿಕೊಂಡು ಕಾಯೋರಂತೆ. ಅಜ್ಜಿಗೆ ಹಿತ್ತಲು, ನನಗೆ ಫ್ಯಾನಿರೋ ರೂಮು, ಈಗ ಹೆಸರಿನ ಕಾರ್ಡು. ಏನೂ ಬದಲಾಗಿಲ್ಲ ಅಂದರೆ ಸುಳ್ಳಾಗುತ್ತೆ. ಆದರೆ ಜನರನ್ನ ಹೊರಗಿಡೋಕೆ ಅಂತ ಕಟ್ಟಿದ ಕೋಟೆಯೊಳಗೆ, ಏಳೆಂಟು ಸಾವಿರ ಕಿಲೋಮೀಟರ್ ದೂರ ಹೋಗಿ, ಗುರುತಿನವರು ಐವತ್ತೇ ಜನ ಇರುವಾಗ ಜೊತೆಗೆ ಉಣ್ಣೋದು ಸುಲಭ. ಛತ್ರದಲ್ಲಿ, ಬೀಗರು ನೆಂಟರು ನೋಡ್ತಿರುವಾಗ ಉಣ್ಣಬೇಕು. ಅದು ಕಷ್ಟ. ಅವರಿಗೂ ಕಷ್ಟ ಅಂತ ಈಗ ಅನ್ನಿಸುತ್ತೆ. ಜೇಬಿನಲ್ಲಿ ಬಾಟಲಿ ಹಿಡಿದುಕೊಂಡ ಆ ಕೈ ನೋಡಿದ್ದೀನಲ್ಲ.

ಇದನ್ನೆಲ್ಲ ಯಾಕೆ ಈಗ ಬರೀತಿದ್ದೀನಿ ಅಂದರೆ, ನನ್ನದೂ ಮದುವೆ! ಹೂಂ, ಕೊನೆಗೂ :-) ಅಕ್ಟೋಬರ್ 14ಕ್ಕೆ. ಹುಡುಗಿ ಕೊಳ್ಳೇಗಾಲದ ಕಡೆಯವಳು, ಟೀಚರ್. ದಿನ ಆರಿಸಿದ್ದು ಅಪ್ಪ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದ ದಿನ. ಬುದ್ಧನ ಮುಂದೆ ಪಂಚಶೀಲ ಹೇಳಿ ಮದುವೆ ಅಂತ ಅಪ್ಪ, ಧಾರೆ ಎರೆಯದೆ ಅದೆಂಥ ಮದುವೆ ಅಂತ ಅವ್ವ. ಎರಡೂ ಇರುತ್ತೆ. ರಾಹುಕಾಲ ಯಾರೂ ನೋಡಿಲ್ಲ. ಜಾಗ ನಮ್ಮ ಬೀದಿಯ ಚಪ್ಪರ. ಎಷ್ಟು ಜನ ಅಂತ ಕೇಳಬೇಡಿ, ನಮಗೇ ಗೊತ್ತಿಲ್ಲ.

ಮೊನ್ನೆ ಪತ್ರಿಕೆ ಅಚ್ಚಾಗಿ ಬಂತು. ಮೇಲೆ ಬುದ್ಧ, ಅಂಬೇಡ್ಕರ್, ಕೆಳಗೆ ದಪ್ಪಕ್ಷರದಲ್ಲಿ ಅಶೋಕಪುರಂ, ಮೈಸೂರು. ದೊಡ್ಡಪ್ಪನ ವಿಳಾಸ ಗೆಳೆಯನಿಂದ ತರಿಸಿಕೊಂಡು, ಒಂದು ಪತ್ರಿಕೆ ಅವರಿಗೂ ಹಾಕು ಅಂತ ಅವ್ವನಿಗೆ ಫೋನ್ ಮಾಡಿದೆ. ವಾಟ್ಸಾಪ್ ಸಾಲದು, ಅರಿಶಿಣ ಹಚ್ಚಿ ಅಂಚೆಯಲ್ಲೇ ಹೋಗಬೇಕು.

"ಯಾರ್ಲಾ ಅವ್ರು?"

"ಕೋಟೆ ಮದುವೇಲಿ ಪಕ್ಕ ಕೂತಿದ್ರು ಅಂದ್ನಲ್ಲ, ಉಪ್ಪಿನಕಾಯಿ ಕೊಟ್ಟೋರು."

"ಬಂದಾರ?"

"ಗೊತ್ತಿಲ್ಲ ಕಣವ್ವ." ಸ್ವಲ್ಪ ತಡೆದು ಕೇಳಿದೆ, "ಬಂದ್ರೆ ಎಲ್ಲಿ ಕೂರ್ಸೋದು?"

"ಇದೇನ್ಲಾ ಹಿಂಗ್ ಕೇಳೀಯೆ? ಎಲ್ಲಾರ ಜೊತೇಲೇ ಎಲೆ ಹಾಕದು. ನಮ್ಮನೇಲಿ ಮೇಲ್ಗಡೆ ರೂಮ್ ಎಲ್ಲದೆ?"

ನಾನು ಫೋನ್ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ಪತ್ರಿಕೆ ಸೋಮವಾರ ಅಂಚೆಗೆ ಬಿದ್ದಿದೆ. ಅವರು ಬಂದರೆ ಇಲ್ಲೇ ಬರೀತೀನಿ, ಬರದಿದ್ದರೂ ಬರೀತೀನಿ. ನೀವಂತೂ ಬನ್ನಿ. ಅಶೋಕಪುರಂ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದು ಚಪ್ಪರ ಎಲ್ಲಿ ಅಂತ ಯಾರನ್ನ ಕೇಳಿದರೂ ತೋರಿಸ್ತಾರೆ. ಮೊದಲೇ ತಿಳಿಸೋದೇನೂ ಬೇಡ. ಪತ್ರಿಕೆ ಕೊಡಲಿಲ್ಲ ಅಂತ ಬೈಯೋಕಾದರೂ ಬನ್ನಿ!